ಶಾಶ್ವತವಾಗಿ ತೆಗೆಯಬೇಕೆ?

ಕರಡಪ್ಪನವರಿಗೆ ಸಿಟ್ಟು ಬಂದದ್ದು ಕಂಪ್ಯೂಟರಿನ ಮೇಲಲ್ಲ, ಅದರೊಳಗಿದ್ದ ‘ಅಳಿಸು’ ಎಂಬ ಪದದ ಮೇಲೆ. ಕಂಪ್ಯೂಟರನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ಕೆಲಸಕ್ಕೋ ಇನ್ನೊಬ್ಬರನ್ನು ಅಳಿಸುವುದಕ್ಕೋ ಎಂದು ಅವರು ಬೆಳಗಿನ ಕಾಫಿಯ ಹೊತ್ತಿಗೇ ಕೇಳಿದರು. ಅವರ ಹೆಂಡತಿ ಟೀಚರಮ್ಮ, ಯಾರನ್ನು ಯಾರು ಅಳಿಸಿದರೋ ಎಂದು ಗಾಬರಿಯಾಗಿ ಅಡುಗೆಮನೆಯಿಂದ ಹೊರಗೆ ಬಂದರು. ಬೇಡದ ಕಡತವನ್ನು ಒರೆಸಿಹಾಕುವುದಕ್ಕೆ ಆ ಪದ ಎಂದು ತಿಳಿದ ಮೇಲೆ, ಇಷ್ಟೇ ತಾನೇ, ಇರಲಿ ಬಿಡಿ ಎಂದು ಒಳಗೆ ಹೋದರು. ‘ಇರಲಿ ಬಿಡಿ’ ಎಂಬುದು ಮಾತ್ರ ಕರಡಪ್ಪನವರಿಗೆ ಹುಟ್ಟಿದಾಗಿನಿಂದ ಆಗಿಬರದ ಮಾತು.

ಅವರು ಅಚ್ಚುಮನೆಯಲ್ಲಿ ಕರಡು ತಿದ್ದಿ ತಿದ್ದಿ ತಲೆ ನರೆಸಿಕೊಂಡವರು. ಅವರ ಅನ್ನವೆಲ್ಲ ಬೇರೆಯವರ ತಪ್ಪಿನಿಂದ ಹುಟ್ಟಿದ್ದು. ಅಚ್ಚುಮನೆಯವರು ಪ್ರೀತಿಯಿಂದ ಕರಡಪ್ಪ ಎಂದು ಕರೆದರು. ಒಂದೇ ಪುಟ ಮತ್ತೆ ಮತ್ತೆ ವಾಪಸು ಬಂದ ದಿನ ಅದೇ ಪ್ರೀತಿಯಿಂದ ಕರಡಿಯಪ್ಪ ಎಂದೂ ಕರೆದರು (ಬೆನ್ನ ಹಿಂದೆ). ನಿವೃತ್ತಿಯಾದಾಗ ಅಚ್ಚುಮನೆ ಅವರನ್ನು ಬಿಟ್ಟಿತೇ ಹೊರತು ಅವರು ತಿದ್ದುವುದನ್ನು ಬಿಡಲಿಲ್ಲ. ಔಷಧಿ ಅಂಗಡಿಯ ಫಲಕ, ಹಾಲಿನ ಪೊಟ್ಟಣ, ಸೋಪಿನ ಡಬ್ಬಿ, ಯಾವುದೂ ಅವರ ಕೆಂಪು ಶಾಯಿಯಿಂದ ಪಾರಾಗಲಿಲ್ಲ. ಪಕ್ಕದ ಬೀದಿಯವರೊಬ್ಬರು ಮಗಳ ಮದುವೆಗೆ ಕರೆಯಲು ಬಂದು ಕೊಟ್ಟ ಆಮಂತ್ರಣ ಪತ್ರಿಕೆಯನ್ನು ತಿದ್ದಿ, ಅಚ್ಚುಕಟ್ಟಾಗಿ ಮಡಿಸಿ, ಅವರಿಗೇ ಹಿಂದಿರುಗಿಸಿದ ಮಹಾನುಭಾವರು ಇವರು. ಆ ಮನೆಯವರು ಈಗ ಇವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾರೆ.

ಇನ್ನು ಟೀಚರಮ್ಮ. ಅವರು ಶಿಶುವಿಹಾರದಲ್ಲಿ ಪುಟಾಣಿಗಳಿಗೆ ಕಥೆ ಹೇಳುತ್ತಿದ್ದವರು. ಆನೆ ಬಂದರೆ ಆನೆಯ ದನಿ, ಇಲಿ ಬಂದರೆ ಇಲಿಯ ದನಿ, ಮೊಸಳೆ ಬಂದರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ. ಆದರೆ ಮಂಡಿಗಳು ಕೈಕೊಟ್ಟವು. ಚಾಪೆಯ ಮೇಲೆ ಕೂತರೆ ಎಬ್ಬಿಸುವುದಕ್ಕೆ ಆಯಾ ಬರಬೇಕಾಯಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಸ್ವಂತ ಮಕ್ಕಳಿಲ್ಲದ ಅವರಿಗೆ ಆ ಶಿಶುವಿಹಾರವೇ ಮಕ್ಕಳು ಮರಿ ಎಲ್ಲ ಆಗಿತ್ತು. ಮನೆಯ ಮೌನ ಅವರನ್ನು ತಿನ್ನುತ್ತಿತ್ತು. ಗಂಡನಿಗಾದರೂ ಕಥೆ ಹೇಳೋಣವೆಂದರೆ, ‘ಒಂದಾನೊಂದು ಕಾಲದಲ್ಲಿ’ ಎನ್ನುವಷ್ಟರಲ್ಲಿ, ಯಾವ ಕಾಲ ಎಂದು ಅವರು ಕೇಳುತ್ತಿದ್ದರು.

ಹೀಗಿರುವಾಗ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಪುಟ್ಟ ರೇಡಿಯೋ ಶುರುವಾಯಿತು. ಅದನ್ನು ನಡೆಸುವ ಮೇಡಂ ಟೀಚರಮ್ಮನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. ಮನೆಯಲ್ಲೇ ಒಂದು ಕಥೆ ರೆಕಾರ್ಡ್ ಮಾಡಿ ಶನಿವಾರ ಸಂಜೆಯೊಳಗೆ ಕಳಿಸಿ, ಭಾನುವಾರ ಹಾಕುತ್ತೇವೆ, ಮಕ್ಕಳಿಗೆ ಹಿಡಿಸಿದರೆ ವಾರವಾರವೂ ನಿಮ್ಮದೇ ಕಥೆ ಎಂದರು. ಹಿಡಿಸದಿದ್ದರೆ ಆ ಹೊತ್ತಿಗೆ ಗಿಡಗಳಿಗೆ ಗೊಬ್ಬರ ಹಾಕುವ ಬಗ್ಗೆ ಒಬ್ಬರು ಮಾತಾಡಲು ತಯಾರಿದ್ದರಂತೆ. ಟೀಚರಮ್ಮ ಆ ದಿನ ಊಟ ಮಾಡುವುದನ್ನೇ ಮರೆತರು. ಮಂಡಿ ಮಡಿಸದೆ, ಕುರ್ಚಿಯಲ್ಲಿ ಕೂತೇ, ಮತ್ತೆ ಮಕ್ಕಳಿಗೆ ಕಥೆ ಹೇಳುವ ಭಾಗ್ಯ.

ಆದರೆ ಮನೆಯ ಲ್ಯಾಪ್‌ಟಾಪು ಗುಂಡಿ ಒತ್ತಿ ಸ್ನಾನ ಮುಗಿಸಿಕೊಂಡು ಬಂದರೂ ಕಣ್ಣು ಬಿಡುತ್ತಿರಲಿಲ್ಲ. ಟೀಚರಮ್ಮ ತಮ್ಮನನ್ನು ಕರೆಸಿದರು. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಅವನು ಬಂದು ಯಂತ್ರದೊಳಗಿದ್ದದ್ದನ್ನೆಲ್ಲ ಗುಡಿಸಿ ಹಾಕಿ, ಪೆನ್‌ಡ್ರೈವಿನಿಂದ ಹೊಸದೊಂದು ವ್ಯವಸ್ಥೆಯನ್ನು ತುಂಬಿದ. ಕಾಫಿ ಆರುವ ಮೊದಲೇ ಲ್ಯಾಪ್‌ಟಾಪು ಎಳೆಯ ಕರುವಿನ ಹಾಗೆ ಎದ್ದು ನಿಂತಿತು. ದನಿ ರೆಕಾರ್ಡ್ ಮಾಡುವುದಕ್ಕೂ ಒಂದು ತಂತ್ರಾಂಶ ಹಾಕಿದ. ಎಲ್ಲವೂ ಕನ್ನಡದಲ್ಲಿ. ಇದನ್ನೆಲ್ಲ ಪುಕ್ಕಟೆ ಯಾಕೆ ಕೊಡುತ್ತಾರೆ, ಇದರಲ್ಲಿ ಏನೋ ಮಸಲತ್ತಿದೆ ಎಂದು ಕರಡಪ್ಪನವರು ಕನ್ನಡಕದ ಮೇಲಿಂದ ನೋಡಿದರು.

“ಬರೀ ಪುಕ್ಕಟೆ ಅಲ್ಲ ಭಾವ, ಇದು ಮುಕ್ತ. ಒಳಗಡೆ ಹೇಗಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು. ಸರಿ ಇಲ್ಲ ಅನ್ನಿಸಿದ್ರೆ ತಿದ್ದಬಹುದು. ತಿದ್ದಿದ್ದನ್ನ ಎಲ್ಲರಿಗೂ ಹಂಚಬಹುದು.”

ಭಾವಮೈದುನ ಆಮೇಲೂ ಏನೇನೋ ಹೇಳಿದ. ಕರಡಪ್ಪನವರ ಕಿವಿ ‘ತಿದ್ದಬಹುದು’ ಎಂಬಲ್ಲೇ ನಿಂತುಬಿಟ್ಟಿತ್ತು. ಈ ಕನ್ನಡ ಪದಗಳನ್ನು ಹಾಕಿದವರು ಯಾರು ಎಂದು ಕೇಳಿದರು. ನಿಮ್ಮಂಥವರೇ ಯಾರೋ, ಬಿಡುವಾದಾಗ ಕೂತು ಒಂದೊಂದೇ ಪದ ಹಾಕಿದ್ದಾರೆ, ಸಂಬಳವಿಲ್ಲ, ಹೆಸರೂ ಇಲ್ಲ ಎಂದ. ಸಂಬಳವಿಲ್ಲದೆ, ಹೆಸರಿಲ್ಲದೆ ಅಕ್ಷರದ ಕೆಲಸ ಮಾಡುವವರು ಇನ್ನೂ ಇದ್ದಾರೆಂದು ಕೇಳಿ ಕರಡಪ್ಪನವರು ಲ್ಯಾಪ್‌ಟಾಪಿಗೆ ಕೈಮುಗಿದರು. ಮರುಕ್ಷಣವೇ ಅವರ ಕೈ ಕೆಂಪು ಪೆನ್ನಿಗೆ ಜೇಬು ತಡಕಿತು.

ತೆರೆಯ ಮೇಲೆ ಕೆಂಪು ಪೆನ್ನಿನಿಂದ ಬರೆದರೆ ಆಗುವುದಿಲ್ಲ ಎಂದು ವಿವರಿಸಿ, ಭಾವಮೈದುನ ಪದಗಳ ಕಡತವೊಂದನ್ನು ತೆಗೆದುಕೊಟ್ಟ. ಎಡಗಡೆ ಮೂಲಪದ, ಬಲಗಡೆ ಕನ್ನಡ. ಬಲಗಡೆಯದನ್ನು ಮಾತ್ರ ಮುಟ್ಟಿ. ಮೊದಲು ನಿಮ್ಮ ಮನೆಯಲ್ಲೇ ಹಾಕಿ ನೋಡೋಣ, ಚೆನ್ನಾಗಿದ್ದರೆ ಈ ಪದಗಳನ್ನು ಹಾಕಿದ ಗುಂಪಿನವರಿಗೆ ಕಳಿಸೋಣ ಎಂದು ಹೇಳಿ ಹೋದ. ಮನೆಯಲ್ಲಿ ಹಾಕಿ ನೋಡುವುದು ಎಂದರೆ ಅಕ್ಕನ ಮೇಲೆ ಹಾಕಿ ನೋಡುವುದು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಕರಡಪ್ಪನವರು ಕೂತೇ ಕೂತರು. ಮೊದಲು ಸಿಕ್ಕಿದ್ದು ‘ತೆರೆ’. ಕಡತವನ್ನು ತೆರೆ. ತೆರೆ ಎಂದರೆ ಸಮುದ್ರದಲ್ಲಿ ಏಳುವುದು, ನಾಟಕದಲ್ಲಿ ಬೀಳುವುದು. ಮನೆಯಲ್ಲಿ ಯಾರಾದರೂ ‘ಬಾಗಿಲು ತೆರೆ’ ಎನ್ನುತ್ತಾರೆಯೇ? ‘ಬಾಗಿಲು ತೆಗಿ’ ಎನ್ನುತ್ತಾರೆ. ಹಾಗಾಗಿ ‘ತೆಗೆ’ ಎಂದು ತಿದ್ದಿದರು. ಎರಡು ದಿನ ಬಿಟ್ಟು ಆ ಪಾಪಿ ‘ಅಳಿಸು’ ಸಿಕ್ಕಿತು. ಮೂಲೆಯಲ್ಲಿರುವ ಕಸವನ್ನು ನಾವು ಏನು ಮಾಡುತ್ತೇವೆ? ತೆಗೆಯುತ್ತೇವೆ. ಹಾಗಾಗಿ ಅಲ್ಲೂ ‘ತೆಗೆ’ ಎಂದು ತಿದ್ದಿದರು. ಒಂದೊಂದನ್ನೇ ನೋಡಿದರೆ ಎರಡೂ ಅಪ್ಪಟ ಕನ್ನಡ, ಎರಡೂ ಸರಿ. ಎರಡೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬಂದು ಕೂರುತ್ತವೆ ಎಂಬುದು, ಜೀವನವಿಡೀ ಅಕ್ಷರ ಅಕ್ಷರವಾಗಿ ಓದಿದ ಆ ಕಣ್ಣಿಗೆ ಕಾಣಲಿಲ್ಲ.

ಬೆಳಿಗ್ಗೆ ಕೂತಾಗ ಅವರಿಗೆ ಮನೆಮಾತು ಬರುತ್ತಿತ್ತು. ಊಟವಾಗಿ ಒಂದು ನಿದ್ದೆ ಮುಗಿಸಿ ಕೂತರೆ ಸಂಸ್ಕೃತ ಬರುತ್ತಿತ್ತು. ಮಾಡಿದ ಕೆಲಸವನ್ನು ಹಿಂದಕ್ಕೆ ಪಡೆಯುವುದಕ್ಕೆ ಇದ್ದ ಸಾಧಾರಣ ಪದವನ್ನು ಕಿತ್ತು ‘ಪ್ರತ್ಯಾವರ್ತನೆ’ಯನ್ನು ಪ್ರತಿಷ್ಠಾಪಿಸಿದ್ದು ಅಂಥದೊಂದು ಮಧ್ಯಾಹ್ನ. ಅದರ ಅಕ್ಕಪಕ್ಕದಲ್ಲಿ ‘ಪುನರಾವರ್ತನೆ’ ಮತ್ತು ‘ಪರಾವರ್ತನೆ’ ಎಂಬ ಇನ್ನಿಬ್ಬರು ಗಣ್ಯರೂ ಆಸೀನರಾದರು. ಶುಕ್ರವಾರ ಭಾವಮೈದುನ ಅವಸರದಲ್ಲಿ ಬಂದು, ಓದದೆಯೇ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸೇರಿಸಿ ಹೊರಟುಹೋದ.

ಇತ್ತ ಟೀಚರಮ್ಮ ಕಥೆ ರೆಕಾರ್ಡ್ ಮಾಡುವ ಸಾಹಸದಲ್ಲಿದ್ದರು. ಕೊಡೆ ಮಾರುವ ಮೊಲದ ಕಥೆ. ಚಿಕ್ಕ ಕೋಣೆಯ ಕಿಟಕಿಗೆ ಹೊದಿಕೆ ನೇತುಹಾಕಿ, ಫ್ಯಾನು ಆರಿಸಿ, ಬೆವರಿಳಿಸಿಕೊಂಡು ಹೇಳಿದ್ದೇ ಹೇಳಿದ್ದು. ಒಮ್ಮೆ ಪಕ್ಕದ ಮನೆಯ ಸ್ಕೂಟರು, ಒಮ್ಮೆ ಮೇಲಿನ ಮನೆಯ ನಲ್ಲಿ, ಮತ್ತೊಮ್ಮೆ ಮೊಲ ಅಳುವ ಜಾಗದಲ್ಲೇ ಕರಡಪ್ಪನವರ ಸೀನು. ಕೊನೆಗೊಂದು ದಿನ ಎಲ್ಲವೂ ಕೂಡಿಬಂತು. ಮೊಲದ ದನಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅವರಿಗೇ ಆ ಮೊಲದ ಮೇಲೆ ಕನಿಕರ ಹುಟ್ಟಿತು. ಶನಿವಾರ ಮಧ್ಯಾಹ್ನ ಇನ್ನೊಂದು ಸಲ ಕೇಳಿ ಕಳಿಸಿಬಿಡೋಣ ಎಂದು ಲ್ಯಾಪ್‌ಟಾಪಿನ ಮುಂದೆ ಕೂತರು.

ಮೊಲದ ಕಡತದ ಮೇಲೆ ಒತ್ತಿದಾಗ ಪಟ್ಟಿ ಇಳಿದು ಬಂತು. ಅದರಲ್ಲಿ ಎರಡು ‘ತೆಗೆ’. ಮುಂಬಾಗಿಲು, ಹಿತ್ತಲ ಬಾಗಿಲು ಇರುವ ಹಾಗೆ ಇರಬೇಕು, ಯಾವುದರಿಂದ ಹೋದರೂ ಮನೆಯೊಳಗೇ ತಾನೇ ಎಂದುಕೊಂಡು ಕೆಳಗಿನದನ್ನು ಒತ್ತಿದರು. ಯಂತ್ರ ಬಹಳ ವಿನಯದಿಂದ ಕೇಳಿತು: ‘ಈ ಕಡತವನ್ನು ಶಾಶ್ವತವಾಗಿ ತೆಗೆಯಬೇಕೆ?’ ಟೀಚರಮ್ಮನಿಗೆ ಈ ಸೌಕರ್ಯ ತುಂಬ ಹಿಡಿಸಿತು. ಪ್ರತಿ ಸಲವೂ ತೆಗೆಯುವ ಗೋಳು ತಪ್ಪಿತು, ಒಂದು ಸಲ ತೆಗೆದಿಟ್ಟರೆ ತೆಗೆದೇ ಇರುತ್ತದೆ. ಗಂಡ ಇಷ್ಟು ದಿನ ಕೂತದ್ದಕ್ಕೆ ಒಂದಾದರೂ ಉಪಯೋಗದ ಕೆಲಸ ಮಾಡಿದ್ದಾರೆ ಎಂದು ಮೆಚ್ಚಿಕೊಂಡೇ ಒಪ್ಪಿಗೆ ಒತ್ತಿದರು.

“ರೀ, ಕಥೆ ತೆಗೆದೆ, ಕಾಣ್ತಾನೇ ಇಲ್ಲ.”

“ತೆಗೆದ್ರೆ ಕಾಣ್ಲೇಬೇಕಲ್ಲ.”

“ಶಾಶ್ವತವಾಗಿ ತೆಗೆದೆ.”

ಕರಡಪ್ಪನವರ ಕೈಯಲ್ಲಿದ್ದ ಪತ್ರಿಕೆ ನೆಲಕ್ಕೆ ಬಿತ್ತು. ಅವರು ಓಡಿ ಬಂದು ನೋಡಿದರು. ಮೇಲೊಂದು ತೆಗೆ, ಕೆಳಗೊಂದು ತೆಗೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ಇಡೀ ಪುಟ ಒಟ್ಟಿಗೆ ಕಾಣಿಸಿತು.

ಭಾವಮೈದುನನಿಗೆ ಫೋನು ಹೋಯಿತು. ಅವನು ಗಾಬರಿಯಾಗಬೇಡಿ, ಮೊದಲು ಅನ್‌ಡೂ ಒತ್ತಿ ನೋಡಿ, ಮಾಡಿದ್ದು ವಾಪಸಾಗುತ್ತದೆ ಎಂದ. ಕರಡಪ್ಪನವರು ತಮ್ಮದೇ ಪದಗಳ ಮುಂದೆ ಓದಲು ಬಾರದವರಂತೆ ನಿಂತರು. ಮೂವರು ಗಣ್ಯರಲ್ಲಿ ಅನ್‌ಡೂ ಯಾರು? ಬೆವರು ಒರೆಸಿಕೊಂಡು, ಅದು ಪ್ರತ್ಯಾವರ್ತನೆಯೋ ಪರಾವರ್ತನೆಯೋ ಎಂದು ಭಾವಮೈದುನನನ್ನೇ ಕೇಳಿದರು.

“ಯಾವ ವರ್ತನೆ ಭಾವ?” ಎಂದಿತು ಫೋನು.

“ನಿನ್ನ ಭಾವನ ವರ್ತನೇನೇ ಸರಿ ಇಲ್ಲ ಕಣೋ,” ಎಂದರು ಟೀಚರಮ್ಮ, ಪಕ್ಕದಿಂದ.

ಮೂರನ್ನೂ ಒತ್ತಿದ್ದಾಯಿತು. ತೆರೆಯ ಮೇಲಿನ ಕಿಟಕಿ ದೊಡ್ಡದಾಯಿತು, ಚಿಕ್ಕದಾಯಿತು, ಮೊಲ ಮಾತ್ರ ಬರಲಿಲ್ಲ. ಕಸದ ಬುಟ್ಟಿಯಲ್ಲಿ ಇರಬಹುದಲ್ಲ ಎಂದು ಕೇಳಿದರೆ, ಹಳೆಯ ಯಂತ್ರ, ಜಾಗ ಸಾಲದು ಎಂದು ಬುಟ್ಟಿಯನ್ನೇ ಇಟ್ಟಿಲ್ಲ ಎಂದ ಭಾವಮೈದುನ. ಅಂಗಡಿಗೆ ತಂದರೆ ಹುಡುಕಿ ನೋಡಬಹುದು, ಸಿಕ್ಕರೂ ಇವತ್ತಿಗಂತೂ ಆಗುವ ಮಾತಲ್ಲ ಎಂದೂ ಸೇರಿಸಿದ. ರೇಡಿಯೋಗೆ ಕಥೆ ಬೇಕಾಗಿದ್ದದ್ದು ಇವತ್ತಿನ ಸಂಜೆಗೆ.

ಟೀಚರಮ್ಮ ಕೂಗಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಎಷ್ಟು ಒರೆಸಿದರೂ ಗಾಜು ಮಂಜಾಗಿಯೇ ಇತ್ತು. ‘ಅಳಿಸು’ ಎಂಬ ಪದವನ್ನು ಮನೆಯಿಂದ ಓಡಿಸಿದ ಮೇಲೆಯೇ ಆ ಮನೆಯಲ್ಲಿ ಅಳು ಬಂದದ್ದು. ಬೈದಿದ್ದರೆ ಕರಡಪ್ಪನವರು ಬೈಗುಳದಲ್ಲಿ ಎರಡು ತಪ್ಪು ಹುಡುಕಿ ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ಈ ಮೌನದಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಅದೇ ಕಥೆಯನ್ನು ಇನ್ನೊಮ್ಮೆ ಹೇಳಬಾರದೇ ಎಂದು ಮೆಲ್ಲಗೆ ಕೇಳಿದರು. ಈ ಗಂಟಲಿಂದ ಈಗ ಮೊಲ ಬರುವುದಿಲ್ಲ, ಬಂದರೆ ಹುಲಿ ಬರುತ್ತದೆ ಎಂದರು ಟೀಚರಮ್ಮ. ಹಾಗಾದರೆ ಬೇರೆ ಯಾವ ಕಥೆಯಾದರೂ ಹೇಳು, ನಾನು ಬಾಗಿಲಲ್ಲಿ ನಿಂತು ಇಡೀ ಬೀದಿಯನ್ನು ಸುಮ್ಮನಿರಿಸುತ್ತೇನೆ ಎಂದು ಕರಡಪ್ಪನವರು ಅಂಗಲಾಚಿದರು. ಟೀಚರಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು. ಅವರ ಮುಖದಲ್ಲಿ ಏನೋ ಒಂದು ಬೆಳಕು ಹೊತ್ತಿಕೊಂಡಿತು.

“ಒಂದು ಕಥೆ ಇದೆ. ಈಗ ತಾನೇ ಹೊಳೀತು. ಆದ್ರೆ ಮುಗಿಯೋವರೆಗೂ ನೀವು ತುಟಿ ಬಿಚ್ಚಕೂಡದು. ಏನೇ ಆದ್ರೂ.”

ಕರಡಪ್ಪನವರು ಹೂಂ ಎಂದೂ ಅನ್ನದೆ ತಲೆಯಾಡಿಸಿದರು, ಅಷ್ಟು ನಿಷ್ಠೆ. ಹೊದಿಕೆ ನೇತುಹಾಕಿದರು, ಫ್ಯಾನು ಆರಿಸಿದರು, ಮೈಕು ಸರಿಪಡಿಸಿದರು. ರೆಕಾರ್ಡ್ ಮಾಡುವುದು ಒಂದು ಕೆಂಪು ಚುಕ್ಕೆ. ಅದಕ್ಕೆ ಹೆಸರೇ ಇಲ್ಲದ್ದರಿಂದ ಅವರ ಕೈಗೆ ಸಿಕ್ಕಿರಲಿಲ್ಲ. ಅದನ್ನು ಒತ್ತಿ, ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕೂತರು.

“ಮಕ್ಕಳೇ, ಒಂದು ಮನೇಲಿ ಒಬ್ಬ ತಿದ್ದಪ್ಪ ಇದ್ದ,” ಎಂದು ಟೀಚರಮ್ಮ ಶುರುಮಾಡಿದರು.

ಈ ತಿದ್ದಪ್ಪನಿಗೆ ಮನೆಯಲ್ಲಿದ್ದ ಯಾವ ಹೆಸರೂ ಸರಿಕಾಣದು. ಸ್ಟೂಲಿಗೆ ‘ಉಪವೇಶನ ಸಾಧನ’ ಎಂದು ಹೆಸರಿಟ್ಟ. ಮನೆಗೆ ಬಂದ ನೆಂಟರಿಗೆ ಉಪವೇಶನ ಸಾಧನದ ಮೇಲೆ ಉಪವಿಷ್ಟರಾಗಿ ಎಂದ. ಪಾಪ, ನೆಂಟರು ಇದೇನೋ ವ್ರತವಿರಬೇಕೆಂದು ಸಂಜೆಯವರೆಗೂ ನಿಂತೇ ಇದ್ದರು. ಬೆಕ್ಕಿಗೆ ಎಷ್ಟು ಉದ್ದದ ಹೆಸರಿಟ್ಟನೆಂದರೆ ಕರೆದು ಮುಗಿಸುವಷ್ಟರಲ್ಲಿ ಬೆಕ್ಕಿಗೆ ನಿದ್ದೆ ಬಂದಿರುತ್ತಿತ್ತು. ಟೀಚರಮ್ಮನ ದನಿ ಏರಿತು, ಇಳಿಯಿತು, ಆಕಳಿಸಿತು, ಬೆಕ್ಕಾಯಿತು, ನೆಂಟರಾಯಿತು. ಕರಡಪ್ಪನವರಿಗೆ ಮೊದಲು ಮುಖ ಬಿಸಿಯಾಯಿತು, ಆಮೇಲೆ ಕಿವಿ, ಆಮೇಲೆ, ಏನು ಹೇಳಲಿ, ನಗು ಬಂತು. ಟವೆಲನ್ನು ಬಾಯಿಗೆ ತುರುಕಿಕೊಂಡು ತಡೆದರು. ಆದರೆ ನಗುವಿನ ಜೊತೆಗೆ ತಿದ್ದುಪಡಿಗಳನ್ನೂ ತಡೆಯಬೇಕಾಗಿತ್ತು. ಉಪವಿಷ್ಟ ಎಂಬಲ್ಲಿ ಹೆಂಡತಿ ಒತ್ತಕ್ಷರ ನುಂಗಿದ್ದು, ನೆಂಟರು ಬಂದ ಎಂದು ವಚನ ತಪ್ಪಿದ್ದು, ಒಂದೊಂದೂ ಗಂಟಲಲ್ಲಿ ಬಂದು ಸಾಲಾಗಿ ನಿಂತವು. ಆ ಸಂಕಟವನ್ನು ಕರಡು ತಿದ್ದಿದವರೇ ಬಲ್ಲರು.

ಕಥೆಯಲ್ಲಿ ತಿದ್ದಪ್ಪ ಕೊನೆಗೆ ಕತ್ತೆಯನ್ನು ಕರೆದು, ಇನ್ನು ಮೇಲೆ ನೀನು ಕತ್ತೆಯಲ್ಲ, ಕುದುರೆ ಎಂದ.

“ಕತ್ತೆ ಏನು ಮಾಡ್ಬೇಕು ಪಾಪ? ಯಜಮಾನರ ಮರ್ಯಾದೆ ಉಳಿಸ್ಬೇಕಲ್ಲ. ಕತ್ತು ಎತ್ತಿ ಜೋರಾಗಿ ಕೆನೆಯಿತು.”

ಕರಡಪ್ಪನವರ ಬಾಯಿಂದ ಟವೆಲು ಹಾರಿತು.

“ಕತ್ತೆ ಕೆನೆಯಲ್ಲ ಕಣೇ, ಘೀಳಿಡುತ್ತೆ.”

ಹೇಳಿದ ಮೇಲೆ ಅವರಿಗೇ ತಪ್ಪು ಹೊಳೆಯಿತು. ಘೀಳಿಡುವುದು ಆನೆ. ಕೆನೆಯುವುದು ಕುದುರೆ, ಅರಚುವುದು ಕತ್ತೆ. ಶಿಶುವಿಹಾರದ ಮಗುವಿಗೂ ಗೊತ್ತಿರುವ ವಿಷಯ. ಅವರು ಹೇಳಹೊರಟದ್ದೂ ಅರಚುತ್ತೆ ಎಂದೇ. ಆದರೆ ಗಂಟಲಲ್ಲಿ ನೂಕುನುಗ್ಗಲಾಗಿ ಯಾವುದೋ ಪದ ಮೊದಲು ಹೊರಗೆ ಬಿದ್ದಿತ್ತು. ಮೊಲವನ್ನು ಕೊಂದದ್ದು ಸಾಲದೆಂದು ಈಗ ಕತ್ತೆಯನ್ನೂ ಕೆಡಿಸಿದೆನಲ್ಲ ಎಂದು ಅವರು ಕಣ್ಣು ಮುಚ್ಚಿಕೊಂಡರು. ಆದರೆ ಎದುರಿಗೆ ಕೂತವರು ಗಲಾಟೆ ಮಾಡುವ ಪುಟಾಣಿಗಳ ನಡುವೆ ಕಥೆ ಹೇಳಿ ಪಳಗಿದವರು. ಉಸಿರು ಕೂಡ ತಪ್ಪಲಿಲ್ಲ.

“ಕೇಳಿದ್ರಾ ಮಕ್ಕಳೇ? ಆ ತಿದ್ದಪ್ಪ ನಮ್ಮನೇಲೇ ಇದ್ದಾನೆ. ಕತ್ತೆ ಏನು ಮಾಡುತ್ತೆ ಅಂತ ನೀವೇ ಅವನಿಗೆ ಹೇಳ್ಕೊಡಿ.”

ಕಥೆ ಮುಗಿಯುವಷ್ಟರಲ್ಲಿ ರೇಡಿಯೋ ಮೇಡಂ ಫೋನಿನಲ್ಲಿ ಅವಸರ ಮಾಡುತ್ತಿದ್ದರು. ಆ ಘೀಳನ್ನು ಕತ್ತರಿಸಿಬಿಡೋಣ ಎಂದರು ಕರಡಪ್ಪನವರು. ಯಾವುದನ್ನು ಒತ್ತಿ ಕತ್ತರಿಸಬೇಕು ಎಂದು ಟೀಚರಮ್ಮ ಕೇಳಿದರು. ಇಬ್ಬರೂ ಆ ಪಟ್ಟಿಯನ್ನು ನೋಡಿದರು. ಇಬ್ಬರಿಗೂ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಕಥೆ ಹೇಗಿತ್ತೋ ಹಾಗೆ, ಘೀಳಿನ ಸಮೇತ ಹೋಯಿತು.

ಆ ರಾತ್ರಿಯ ಊಟಕ್ಕೆ ಮೊದಲೇ ಕರಡಪ್ಪನವರು ‘ತೆರೆ’ಯನ್ನೂ ‘ಅಳಿಸು’ವನ್ನೂ ಅವುಗಳ ಜಾಗಕ್ಕೆ ಮರಳಿ ತಂದು ಕೂರಿಸಿದರು. ಯಾರೋ ಹೆಸರಿಲ್ಲದ ಪುಣ್ಯಾತ್ಮರು ಎರಡು ಕೆಲಸಕ್ಕೆ ಎರಡು ಪದ ಇಟ್ಟದ್ದು ಕನ್ನಡ ಬಾರದೆ ಅಲ್ಲ, ಎಲ್ಲೋ ಯಾರದೋ ಮನೆಯ ಟೀಚರಮ್ಮನನ್ನು ನೆನೆದು ಎಂದು ಅವರಿಗೆ ಅನ್ನಿಸಿತು. ಆ ಗುಂಪಿಗೆ ಏನನ್ನೂ ಕಳಿಸುವುದಿಲ್ಲ ಎಂದು ಭಾವಮೈದುನನಿಗೆ ಹೇಳಿದರು. ಅವನು ತುಂಬ ಒಳ್ಳೆಯದು ಭಾವ ಎಂದ, ಸ್ವಲ್ಪ ಬೇಗನೆಯೇ.

ಭಾನುವಾರ ಕಥೆ ಬಂತು. ಕರಡಪ್ಪನವರು ತಮ್ಮ ಸರದಿ ಬಂದಾಗ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಪಕ್ಕದ ಮನೆಯಲ್ಲಿ ಯಾರೋ ಬಿದ್ದು ಬಿದ್ದು ನಕ್ಕರು. ಮೇಲಿನ ಮನೆಯಲ್ಲೂ. ಮದುವೆಯ ಆಮಂತ್ರಣ ಪತ್ರಿಕೆಯವರ ಮನೆಯಲ್ಲಂತೂ ಸೇಡು ತೀರಿದ ಸಂಭ್ರಮ ಎಂದು ಆಮೇಲೆ ತಿಳಿಯಿತು.

ಮಾರನೆಯ ದಿನ ರೇಡಿಯೋ ಮೇಡಂ ಖುದ್ದಾಗಿ ಮನೆಗೆ ಬಂದರು. ಟೀಚರಮ್ಮ ಕುರ್ಚಿಯ ತುದಿಯಲ್ಲಿ ಕೂತು ಸೆರಗು ಹಿಂಡುತ್ತಿದ್ದರು. ಗೊಬ್ಬರದವರೇ ಗೆದ್ದಿರಬೇಕು ಎಂದುಕೊಂಡರು ಕರಡಪ್ಪನವರು. ಮೇಡಂ ಹೇಳಿದ್ದು ಬೇರೆ. ಕಥೆ ಮುಗಿದಾಗಿನಿಂದ ಸಂಜೆಯವರೆಗೆ ರೇಡಿಯೋ ಫೋನು ಬಿಡುವಿಲ್ಲದೆ ಬಡಿದುಕೊಂಡಿತ್ತಂತೆ. ಎಲ್ಲ ಮಕ್ಕಳೇ. ಕತ್ತೆ ಘೀಳಿಡಲ್ಲ ಅರಚುತ್ತೆ ಅಂತ ಆ ಅಂಕಲ್‌ಗೆ ಹೇಳಿ ಎಂದು. ಅನುಮಾನವಿದ್ದರೆ ಕೇಳಿಸಿಕೊಳ್ಳಿ ಎಂದು ಹಲವರು ಫೋನಿನಲ್ಲೇ ಅರಚಿಯೂ ತೋರಿಸಿದ್ದರು.

“ವಾರಾ ವಾರಾ ನಿಮ್ಮ ಕಥೆ ಬೇಕೇ ಬೇಕು ಟೀಚರ್. ಆದ್ರೆ ಅಂಕಲ್ ಕೂಡ ಬೇಕು. ನಡುವೆ ಬಾಯಿ ಹಾಕಿ ವಾರಕ್ಕೊಂದು ತಪ್ಪು ಹೇಳ್ಬೇಕು. ಮಕ್ಕಳು ಅದನ್ನ ಹಿಡೀಬೇಕು.”

ಕರಡಪ್ಪನವರು ಎದ್ದು ನಿಂತರು. ಇಷ್ಟು ವರ್ಷ ತಪ್ಪನ್ನು ಬೇಟೆಯಾಡಿದ ಮನುಷ್ಯ, ಇಳಿವಯಸ್ಸಿನಲ್ಲಿ ಬೇಕೆಂದೇ ತಪ್ಪು ಮಾಡುವುದೇ ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಶಿಶುವಿಹಾರಕ್ಕೆ ಹೊರಡುತ್ತಿದ್ದ ಬೆಳಗುಗಳ ಮುಖ ಅದು. ಅದನ್ನು ಮತ್ತೆ ನೋಡುತ್ತೇನೆಂದು ಅವರು ಅಂದುಕೊಂಡಿರಲಿಲ್ಲ. ಬಾಯಿ ಮುಚ್ಚಿ ಕೂತು, ಆಯಿತು ಎಂದರು.

ಒಪ್ಪುವುದು ಸುಲಭವಾಗಿತ್ತು, ಮಾಡುವುದು ಆಗಲಿಲ್ಲ. ಮುಂದಿನ ಕಥೆಯ ತಾಲೀಮಿಗೆ ಕೂತಾಗ ಅವರ ಬಾಯಿಂದ ಬಂದದ್ದೆಲ್ಲ ಸರಿಯಾದದ್ದೇ. ತಿಣುಕಿ ತಿಣುಕಿ, ಬೆಕ್ಕು ಬೊಗಳುತ್ತೆ ಎಂದರು. ಇದು ಬೇಕೆಂದೇ ಹೇಳಿದ್ದು ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ ಎಂದು ಟೀಚರಮ್ಮ ತಳ್ಳಿಹಾಕಿದರು. ನಿಜವಾದ ತಪ್ಪೆಂದರೆ ಹೇಳುವವನಿಗೇ ಅದು ತಪ್ಪೆಂದು ಗೊತ್ತಿರಬಾರದಂತೆ. ಎದೆ ಉಬ್ಬಿಸಿ, ಕೇಳುವವರೆಲ್ಲ ದಡ್ಡರೆಂಬ ಧಾಟಿಯಲ್ಲಿ ಹೇಳಬೇಕಂತೆ. ಕರಡಪ್ಪನವರು ಎದೆ ಉಬ್ಬಿಸಿದರು, ಧಾಟಿ ಹಿಡಿದರು, ಬಾಯಿ ತೆರೆದರು. ಮತ್ತೆ ಸರಿಯಾದದ್ದೇ ಬಂತು. ಟೀಚರಮ್ಮ ಮೈಕನ್ನು ಆರಿಸಿ, ಹಣೆ ಚಚ್ಚಿಕೊಂಡರು.

“ಮನೇಲಿ ಇಷ್ಟು ವರ್ಷ ಎಷ್ಟು ಸಲೀಸಾಗಿ ಮಾಡ್ಕೊಂಡು ಬಂದ್ರಿ. ಮೈಕ್ ಮುಂದೆ ಕೂತ ತಕ್ಷಣ ಏನಾಗುತ್ರೀ ನಿಮಗೆ?”